ವಿಳಾಸ ಯಾಕೆ ಹಾಕಿಲ್ಲ?

ಭಾನುವಾರ ಬೆಳಿಗ್ಗೆ ನಮ್ಮ ಕುಟುಂಬದ ಗುಂಪಿಗೆ ದೊಡ್ಡಪ್ಪ ಒಂದು ಪೋಸ್ಟರ್ ಹಾಕಿದರು. ಮಂಗಳೂರಿನಲ್ಲಿ ತಿಂಗಳಿಗೊಮ್ಮೆ ಸೇರಿ ಪುಸ್ತಕ ಓದುವ ಬಳಗದ್ದು. ಕ್ವಿಯರ್ ಹೆಂಗಸರಿಗೆ, ಅಂದರೆ ಹೆಂಗಸರನ್ನು ಪ್ರೀತಿಸುವವರಂಥವರಿಗೆ, ಮತ್ತೆ ನಾನ್-ಬೈನರಿ ಓದುಗರಿಗೆ. ಕೆಳಗೆ ಒಂದು ಫೋನ್ ನಂಬರ್. ಸೇರುವ ಜಾಗವನ್ನು ಹೆಸರು ಕೊಟ್ಟವರಿಗೆ ಮಾತ್ರ ತಿಳಿಸುತ್ತಾರಂತೆ.

ದೊಡ್ಡಪ್ಪ: ನೋಡಿ, ನಮ್ಮೂರಿಗೂ ಬಂತು. ಒಳ್ಳೆ ಕೆಲಸ ಆದ್ರೆ ವಿಳಾಸ ಯಾಕೆ ಹಾಕಿಲ್ಲ? ಹೆಣ್ಣುಮಕ್ಕಳಿರುವ ಮನೆಯವರು ಎಚ್ಚರ.

ಸುರತ್ಕಲ್ ಭಾವ: ಇದು ನಿಜವಾ? ಎಲ್ಲಿಂದ ಸಿಕ್ಕಿತು? ಕಾನೂನು ಒಪ್ತದಾ?

ಕಟಪಾಡಿ ಅತ್ತೆ: ಮೊದಲು ಸಂಜೆ ಆದ್ರೆ ಭಜನೆ. ಈಗ ಇದು. 🙏

ನಾನು: ಒಪ್ತದೆ ಭಾವ. ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರೂ ಒಟ್ಟಿಗೆ ಹೇಳಿದ್ದಾರೆ. ಮದುವೆಯ ಹಕ್ಕನ್ನು 2023ರಲ್ಲಿ ಕೊಡಲಿಲ್ಲ, ಅದು ಬೇರೆ. ನಾನ್-ಬೈನರಿ ಅಂದರೆ ತಮ್ಮನ್ನು ಬರೀ ಹೆಣ್ಣು ಅಂತಲೋ ಬರೀ ಗಂಡು ಅಂತಲೋ ಕರೆದುಕೊಳ್ಳದವರು. ಇವರು ಕೂತು ಓದುವುದಕ್ಕೆ ಯಾರ ಅಪ್ಪಣೆ ಬೇಕು?

ಸುರತ್ಕಲ್ ಭಾವ: ಲಿಂಕ್ ಕಳಿಸು. ಕರೆಂಟ್ ಬಿಲ್ಲಿನ ವಿಷಯದಲ್ಲೂ ನೀನು ಹೀಗೇ ಹೇಳಿದ್ದು, ಕಡೆಗೆ ತಪ್ಪಾಯ್ತು.

ಬ್ರಹ್ಮಾವರ ಅಣ್ಣ: ಪುಸ್ತಕ ಅಂದ ಕೂಡಲೇ ಅಜ್ಜಿ ನೆನಪಾದ್ರು ಮಾರ್ರೆ. ಮಧ್ಯಾಹ್ನ ಚಾವಡಿಯಲ್ಲಿ ತರಂಗದ ಧಾರಾವಾಹಿ! ಪುಟ ಕತ್ತರಿಸಿ ಗೋಣಿ ದಾರದಲ್ಲಿ ಹೊಲಿದು ಇಡ್ತಿದ್ರು.

ಕಟಪಾಡಿ ಅತ್ತೆ: ಆ ಬೈಂಡ್ ಯಾರು ಕೊಂಡುಹೋದ್ದು ಅಂತ ಒಬ್ಬರಾದ್ರೂ ಕೇಳಿದ್ದೀರಾ? ಅಜ್ಜಿ ತೀರಿಹೋದ ಮೇಲೆ ಬೊಜ್ಜದ ದಿನ ನಾಲ್ಕು ಇತ್ತು. ಸಂಜೆಗೆ ಒಂದೂ ಇಲ್ಲ.

ಸುರತ್ಕಲ್ ಭಾವ: ನನ್ನನ್ನು ನೋಡಿ ಹೇಳ್ಬೇಡಿ.

ಅಲ್ಲಿಂದ ಮಧ್ಯಾಹ್ನದವರೆಗೆ ಬೈಂಡಿನದ್ದೇ ಜಗಳ. ಪೋಸ್ಟರನ್ನು ಯಾರೂ ತಿರುಗಿ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಉದ್ದಕ್ಕೆ ಬರೆದೆ.

ನಾನು: ಆ ಚಾವಡಿಯಲ್ಲಿ ನಾನೂ ಇರುತ್ತಿದ್ದೆ. ಆಚೆಮನೆಯ ಹೆಂಗಸರು ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅಜ್ಜಿ ಗಟ್ಟಿಯಾಗಿ ಓದುತ್ತಿದ್ದರು. ಒಂದು ದಿನ ಕಥೆಯ ಹುಡುಗಿ ಗಂಡನ ಮನೆ ಬಿಟ್ಟು ಹೊರಟಳು. ಒಬ್ಬರ ಕೈ ನಿಂತಿತು. ‘ನಾನೂ ಒಮ್ಮೆ ಬಸ್‌ಸ್ಟ್ಯಾಂಡಿನ ತನಕ ಹೋಗಿದ್ದೆ’ ಅಂದರು. ಅಷ್ಟರಲ್ಲಿ ಅಂಗಳದಲ್ಲಿ ದೊಡ್ಡಪ್ಪನ ಸ್ಕೂಟರಿನ ಸದ್ದು. ಅಜ್ಜಿ ಪುಸ್ತಕ ಮಡಚಿದರು. ಆ ಮಾತು ಮತ್ತೆ ಬರಲೇ ಇಲ್ಲ. ದೊಡ್ಡಪ್ಪ, ನೀವು ಯಾರಿಗೂ ಬೈದವರಲ್ಲ. ಆದರೂ ಮಾತು ನಿಂತಿತು. ಆ ಬಳಗದವರಿಗೂ ಅಂಥದೊಂದು ಚಾವಡಿ ಬೇಕು, ಅಷ್ಟೇ.

ವಿಳಾಸ ಕೇಳಿದಿರಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದರು. 2012ರ ಜುಲೈಯಲ್ಲಿ ಪಡೀಲಿನ ಹೋಮ್‌ಸ್ಟೇಗೆ ನುಗ್ಗಿ ಹುಟ್ಟುಹಬ್ಬಕ್ಕೆ ಸೇರಿದವರಿಗೆ ಹೊಡೆದರು. ಎರಡನ್ನೂ ನಾವು ಟಿವಿಯಲ್ಲಿ ನೋಡಿದವರು. ಇದೇ ಊರಿನಲ್ಲಿ ವಿಳಾಸ ಹಾಕಿ ಅಂತ ಹೇಗೆ ಹೇಳುವುದು?

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ದೊಡ್ಡಪ್ಪ: ನಾನು ಸುಮ್ನೆ ಹಾಕಿದ್ದು ಮಗಳೇ. ಬಂದದ್ದನ್ನು ಕಳಿಸಿದೆ. ಭಜನಾ ಮಂದಿರದ ಗುಂಪಿಗೂ ಹಾಕಿದ್ದೇನೆ.

ಓದಿ ನನ್ನ ಹೊಟ್ಟೆಯಲ್ಲಿ ಕಸಿವಿಸಿ ಆಯಿತು.

ನಾನು: ದೊಡ್ಡಪ್ಪ, ಅದರಲ್ಲಿ ಒಬ್ಬರ ನಂಬರ್ ಉಂಟು. ಯಾರದೋ ಮನೆಯ ಮಗು. ರಾತ್ರಿ ಅವರಿಗೆ ಎಂಥ ಫೋನ್ ಬರಬಹುದು ಯೋಚಿಸಿ. ದಯವಿಟ್ಟು ಎರಡೂ ಕಡೆ ಎಲ್ಲರಿಗೂ ಡಿಲೀಟ್ ಆಗುವ ಹಾಗೆ ತೆಗೆಯಿರಿ. ಇವತ್ತೇ ಮಾಡಿದರೆ ಆಗುತ್ತದೆ, ಜಾಸ್ತಿ ದಿನ ಬಿಟ್ಟರೆ ಆಗುವುದಿಲ್ಲ.

ಹತ್ತು ನಿಮಿಷಕ್ಕೆ ನಮ್ಮ ಗುಂಪಿನಿಂದ ಪೋಸ್ಟರ್ ಹೋಯಿತು.

ದೊಡ್ಡಪ್ಪ: ಮಂದಿರದ್ದು ತೆಗೆಯಲಿಕ್ಕೆ ಗೊತ್ತಾಗ್ತಿಲ್ಲ. ನೀನೇ ಬಂದು ತೆಗೆದುಕೊಡು.

ನಾನು: ಈಗಲೇ ಹೊರಟೆ. ಫೋನ್ ಚಾರ್ಜಿಗೆ ಹಾಕಿಡಿ.

ಕಟಪಾಡಿ ಅತ್ತೆ: ಹೇಗೂ ಹೋಗ್ತೀಯಲ್ಲ, ಅವರ ಅಟ್ಟದಲ್ಲಿ ಆ ಬೈಂಡ್ ಉಂಟಾ ನೋಡು.