ಗ್ರಾಫ್ ನೇರವಾಗಿದೆ, ಡಗ್ಗಾ ಮಾತ್ರ ಗುಂಯ್ ಎನ್ನುತ್ತದೆ: ಸ್ಪೀಕರ್ ಅಳತೆಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ವಿಜಯಪುರ): ನಮಸ್ಕಾರ. ಎಂಟು ತಿಂಗಳು ಹಣ ಕೂಡಿಟ್ಟು ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಕೊಂಡಿದ್ದೇನೆ. ತಗ್ಗಿನ ಸ್ವರಕ್ಕೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಕ್ಕೆ ಒಂದು ಇಂಚಿನ ಟ್ವೀಟರ್. ಕೊಳ್ಳುವ ಮುನ್ನ ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂದು ತೋರಿಸುವ ಅಳತೆಯ ಗ್ರಾಫ್ ನೋಡಿದ್ದೆ. 60 ಹರ್ಟ್ಜ್‌ನಿಂದ (ಸೆಕೆಂಡಿಗೆ 60 ಕಂಪನ) ಮೇಲಕ್ಕೆ ಗೆರೆ ಹೆಚ್ಚುಕಡಿಮೆ ನೇರವಾಗಿತ್ತು. ನಮ್ಮ ಹಾಲ್ 16 ಅಡಿ ಉದ್ದ, 11 ಅಡಿ ಅಗಲ, ಚಾವಣಿ 10 ಅಡಿ ಎತ್ತರ, ನೆಲಕ್ಕೆ ಟೈಲ್ಸ್. ಉದ್ದದ ಒಂದು ತುದಿಯಲ್ಲಿ ಎರಡು ಮೂಲೆಗಳಿಗೆ ಸ್ಪೀಕರ್ ಇಟ್ಟಿದ್ದೇನೆ, ಇನ್ನೊಂದು ತುದಿಯ ಗೋಡೆಗೆ ತಾಗಿ ಸೋಫಾ ಇದೆ. ತಬಲಾ ಕೇಳುವಾಗ ಡಗ್ಗಾ (ಜೋಡಿಯಲ್ಲಿ ದಪ್ಪ ದನಿಯದು) ಇಡೀ ಹಾಲನ್ನು ಗುಂಯ್ ಎನ್ನಿಸುತ್ತದೆ. ಗಾಯಕಿ ತಾರ ಸಪ್ತಕಕ್ಕೆ ಹೋದರೆ ಕಿವಿಗೆ ಚುಚ್ಚುತ್ತದೆ. ಗ್ರಾಫ್ ಸುಳ್ಳು ಹೇಳಿತೋ, ನನ್ನ ಕಿವಿಯೇ ಸರಿ ಇಲ್ಲವೋ? ಸ್ಪೀಕರಿನ ಎಲ್ಲ ಗ್ರಾಫ್‌ಗಳ ಚಿತ್ರ ಜೊತೆಗೆ ಹಾಕಿದ್ದೇನೆ.

ಉತ್ತರ (ಸೌಂಡ್ ಎಂಜಿನಿಯರ್, ಬೆಳಗಾವಿ): ಮೊದಲು ಒಂದು ವಿಷಯ ಪರೀಕ್ಷಿಸಿ ಹೇಳಿ. ಡಗ್ಗಾದ ಪ್ರತಿ ಪೆಟ್ಟಿಗೂ ಹಾಲ್ ಗುಂಯ್ ಎನ್ನುತ್ತದೆಯೋ, ಅಥವಾ ವಾದಕರು ಅಂಗೈ ಒತ್ತಿ ಮೀಂಡ್ ಎಳೆಯುವಾಗ ಒಂದು ಜಾಗದಲ್ಲಿ ಮಾತ್ರವೋ?

ಪ್ರಶ್ನೆ (ವಿಜಯಪುರ): ಈಗಷ್ಟೇ ನಾಲ್ಕು ಸಲ ಹಾಕಿ ಕೇಳಿದೆ. ಒಂದೇ ಜಾಗದಲ್ಲಿ. ಸ್ವರ ಅಲ್ಲಿಗೆ ಬಂದಾಗ ಉಬ್ಬುತ್ತದೆ, ದಾಟಿದ ಮೇಲೆ ಇಳಿಯುತ್ತದೆ.

ಉತ್ತರ: ಹಾಗಾದರೆ ಸ್ಪೀಕರಿನ ಮೇಲೆ ಸಿಟ್ಟಾಗಬೇಡಿ. ಮೊಳಗುತ್ತಿರುವುದು ನಿಮ್ಮ ಹಾಲ್. ಮೀಂಡ್‌ನಲ್ಲಿ ಸ್ವರ ಜಾರುತ್ತಾ ಹೋಗುವುದರಿಂದ, ಕೋಣೆಯ ಸ್ವಂತ ಸ್ವರ ಎಲ್ಲಿದೆ ಎಂದು ಹುಡುಕಿ ತೋರಿಸುವ ಉಪಕರಣ ಡಗ್ಗಾವೇ ಆಗುತ್ತದೆ.

ಲೆಕ್ಕ ನೋಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನಿಮ್ಮ 16 ಅಡಿ ಎಂದರೆ 4.88 ಮೀಟರ್. ಆ ಉದ್ದದಲ್ಲಿ ಅರ್ಧ ಅಲೆ ಸರಿಯಾಗಿ ಕೂರುವುದು 35 ಹರ್ಟ್ಜ್‌ಗೆ, ಪೂರ್ತಿ ಅಲೆ ಕೂರುವುದು 70 ಹರ್ಟ್ಜ್‌ಗೆ. ನಿಮ್ಮ ಸ್ಪೀಕರ್ 60ರ ಕೆಳಗೆ ಸೋಲುವುದರಿಂದ 35ನ್ನು ಅದು ಎಬ್ಬಿಸಲಾರದು. 70ನ್ನು ಚೆನ್ನಾಗಿ ಎಬ್ಬಿಸುತ್ತದೆ, ಅದರಲ್ಲೂ ಮೂಲೆಯಲ್ಲಿ ಕುಳಿತಿರುವಾಗ. ಡಗ್ಗಾದ ಸ್ವರ ಓಡಾಡುವುದು ಇದೇ ಪ್ರದೇಶದಲ್ಲಿ. ಈ 70ರ ಒತ್ತಡ ಎರಡೂ ತುದಿಯ ಗೋಡೆಗಳಲ್ಲಿ ಮತ್ತು ನಟ್ಟನಡುವೆ ಅತಿ ಹೆಚ್ಚು, ಗೋಡೆಯಿಂದ ನಾಲ್ಕು ಅಡಿ ದೂರದಲ್ಲಿ ಅತಿ ಕಡಿಮೆ. ನಿಮ್ಮ ತಲೆ ಇರುವುದು ಗೋಡೆಗೆ ತಾಗಿ. ಇಂದು ಸಂಜೆ ಒಂದು ಕುರ್ಚಿಯನ್ನು ಹಿಂದಿನ ಗೋಡೆಯಿಂದ ನಾಲ್ಕು ಅಡಿ ಮುಂದಕ್ಕೆ ಹಾಕಿಕೊಂಡು ಅದೇ ತಬಲಾ ಕೇಳಿ.

ನೀವು ನೋಡಿದ ಗ್ರಾಫ್ ಸುಳ್ಳಲ್ಲ. ಅದನ್ನು ಪ್ರತಿಧ್ವನಿಯೇ ಇಲ್ಲದ ಕೋಣೆಯಲ್ಲಿ ಅಥವಾ ಅದಕ್ಕೆ ಸಮನಾದ ಲೆಕ್ಕದಲ್ಲಿ ತೆಗೆಯುತ್ತಾರೆ. ಮನೆಯ ಕೋಣೆಯಲ್ಲಿ ಸುಮಾರು 200–300 ಹರ್ಟ್ಜ್‌ನ ಕೆಳಗೆ ಯಜಮಾನಿಕೆ ಕೋಣೆಯದು. ಅಲ್ಲಿಂದ ಮೇಲೆ ಸ್ಪೀಕರಿನದು. ಕೆಳಗಿನ ಭಾಗಕ್ಕಾಗಿ ಗ್ರಾಫ್ ನೋಡಿ ಎರಡು ಡೆಸಿಬೆಲ್ (ಜೋರಿನ ಅಳತೆ) ವ್ಯತ್ಯಾಸಕ್ಕೆ ಕೊರಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸೋಫಾ ಸರಿಸಿದರೆ ಹತ್ತು ಡೆಸಿಬೆಲ್ ಬದಲಾಗಬಹುದು.

ಇನ್ನು ಚುಚ್ಚುವ ವಿಷಯ. ಇದು ಸ್ಪೀಕರಿನ ಗುಣವೇ, ಮತ್ತು ನೀವು ಹಾಕಿದ ಚಿತ್ರಗಳಲ್ಲಿಯೇ ಇದೆ. ನೀವು ನೋಡಿದ್ದು ನೇರ ಎದುರಿನ ಒಂದು ಗೆರೆ. ಎರಡನೆಯ ಚಿತ್ರದಲ್ಲಿ 60 ಡಿಗ್ರಿ ಪಕ್ಕದ ಗೆರೆಯನ್ನು ಬೆರಳಿಟ್ಟು ಹಿಂಬಾಲಿಸಿ. 2 ಕಿಲೋಹರ್ಟ್ಜ್ ಹತ್ತಿರ ತಗ್ಗುತ್ತದೆ, 3ರಿಂದ 4ರ ನಡುವೆ ಮತ್ತೆ ಉಬ್ಬುತ್ತದೆ. ಕಾರಣ ಸರಳ. 2 ಕಿಲೋಹರ್ಟ್ಜ್‌ನಲ್ಲಿ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್, ನಿಮ್ಮ ವೂಫರಿನ ಅಗಲವೂ ಬಹುತೇಕ ಅಷ್ಟೇ. ಅಲ್ಲಿಗೆ ಬರುವ ಹೊತ್ತಿಗೆ ವೂಫರ್ ಟಾರ್ಚಿನಂತೆ ಮುಂದಕ್ಕೆ ಮಾತ್ರ ಶಬ್ದ ಎಸೆಯತೊಡಗುತ್ತದೆ. ಆಮೇಲೆ ಕೆಲಸ ವಹಿಸಿಕೊಳ್ಳುವ ಚಿಕ್ಕ ಟ್ವೀಟರ್ ದೀಪದಂತೆ ಸುತ್ತಲೂ ಹರಡುತ್ತದೆ. ಎದುರಿನ ಗೆರೆಯಲ್ಲಿ ಇದು ಕಾಣುವುದಿಲ್ಲ, ಪಕ್ಕದ ಗೋಡೆಗೆ ಹೋಗುವ ಶಬ್ದದಲ್ಲಿ ಕಾಣುತ್ತದೆ. ಕಿವಿ ಅತ್ಯಂತ ಚುರುಕಾಗಿರುವುದೂ 3–4 ಕಿಲೋಹರ್ಟ್ಜ್ ಪ್ರದೇಶದಲ್ಲಿಯೇ.

ಪಕ್ಕದ ಗೋಡೆಯ ಶಬ್ದ ನಮಗೇಕೆ ಬೇಕು ಎನ್ನಬಹುದು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನೀವು ಚಪ್ಪಾಳೆ ತಟ್ಟಿಯೇ ಇರುತ್ತೀರಿ. ಒಳಗಿನ ವ್ಯಾಸ ಸುಮಾರು 38 ಮೀಟರ್. ಶಬ್ದ ಅಡ್ಡ ಹಾಯಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಆದ್ದರಿಂದ ಕಿವಿಗೆ ಬೇರೆ ಬೇರೆ ಚಪ್ಪಾಳೆಗಳಾಗಿ ಎಣಿಸಲು ಸಿಗುತ್ತದೆ. 11 ಅಡಿ ಅಗಲದ ಹಾಲಿನಲ್ಲಿ ಗೋಡೆಯ ಪ್ರತಿಫಲನ ಕೆಲವೇ ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕಿವಿ ಅದನ್ನು ಬೇರ್ಪಡಿಸುವುದಿಲ್ಲ, ಸ್ಪೀಕರಿನ ಬಣ್ಣವೆಂದೇ ಒಪ್ಪಿಕೊಳ್ಳುತ್ತದೆ. ಅದಕ್ಕೇ ಸಿಟಿಎ-2034 ಎಂಬ ಮಾನದಂಡದಲ್ಲಿ ಸ್ಪೀಕರನ್ನು ಅಡ್ಡಲಾಗಿ, ಲಂಬವಾಗಿ ಹತ್ತು ಹತ್ತು ಡಿಗ್ರಿ ತಿರುಗಿಸಿ 70 ಅಳತೆ ತೆಗೆಯುತ್ತಾರೆ. ನನ್ನನ್ನು ಕೇಳಿದರೆ, ಎದುರಿನ ಗೆರೆ ನೇರವಾಗಿರಬೇಕು, ಪಕ್ಕದ ಗೆರೆಗಳು ಅದರ ಕೆಳಗೆ ಅದೇ ಆಕಾರದಲ್ಲಿ ನಿಧಾನವಾಗಿ ಇಳಿಯಬೇಕು. ಒಂದೇ ಗೆರೆ ತೋರಿಸಿ ಮಾರುವವರನ್ನು ಉಳಿದ ಗೆರೆ ಎಲ್ಲಿ ಎಂದು ಕೇಳಿ. ಗ್ರಾಫಿನ ಎಡಬದಿಯ ಅಂಕಿಗಳನ್ನೂ ಓದಿ: 100 ಡೆಸಿಬೆಲ್ ಎತ್ತರದ ಚಿತ್ರದಲ್ಲಿ ಎಂಥ ಗುಡ್ಡವೂ ಬಯಲಿನಂತೆ ಸಮತಟ್ಟಾಗಿ ಕಾಣುತ್ತದೆ.

ಪ್ರಶ್ನೆ (ಬಾಗಲಕೋಟೆ, ನವನಗರ): ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಆಂಪ್ಲಿಫೈಯರ್ 20 ವಾಟ್. 84 ಡೆಸಿಬೆಲ್, 8 ಓಮ್ (ವಿದ್ಯುತ್ ತಡೆ) ಸ್ಪೀಕರ್ ಒಂದು, 87 ಡೆಸಿಬೆಲ್, 4 ಓಮ್ ಸ್ಪೀಕರ್ ಇನ್ನೊಂದು. ಎರಡನೆಯದು ಹೆಚ್ಚು ಜೋರಲ್ಲವೇ?

ಉತ್ತರ: ಆ ಡೆಸಿಬೆಲ್ ಸಂಖ್ಯೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬಂದದ್ದಾದರೆ, ಎರಡೂ ಒಂದೇ. 2.83 ವೋಲ್ಟ್ ಎಂದರೆ 8 ಓಮ್‌ಗೆ ಒಂದು ವಾಟ್, 4 ಓಮ್‌ಗೆ ಎರಡು ವಾಟ್. ಆ ಮೂರು ಡೆಸಿಬೆಲ್ ನಿಮ್ಮ ಆಂಪ್ಲಿಫೈಯರ್ ಜೇಬಿನಿಂದಲೇ ಹೋಗುತ್ತದೆ. ಜೋರು ಇಮ್ಮಡಿಯಾದಂತೆ ಅನಿಸಲು ಸುಮಾರು ಹತ್ತು ಡೆಸಿಬೆಲ್, ಅಂದರೆ ಹತ್ತರಷ್ಟು ವಾಟ್ ಬೇಕು. ಡಬ್ಬಿಯ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಉಬ್ಬಿಸಿ ಹಾಕುವ) ಅಂಕಿಯನ್ನು ಓದಲೇಬೇಡಿ.

ಪ್ರಶ್ನೆ (ಗೋಕಾಕ): ಮೂವತ್ತು ವರ್ಷದಿಂದ ಸಂಗೀತ ಕೇಳುತ್ತಿದ್ದೇನೆ. ಗ್ರಾಫ್ ನೋಡಿ ಯಾರಾದರೂ ಹಾಡು ಸವಿಯುತ್ತಾರೆಯೇ? ಕಿವಿಯೇ ಕೊನೆಯ ತೀರ್ಪುಗಾರ.

ಉತ್ತರ: ನಾನೂ ಅದನ್ನೇ ನಂಬುತ್ತೇನೆ, ಒಂದು ಷರತ್ತಿನ ಮೇಲೆ: ಕಣ್ಣು ಮುಚ್ಚಿರಬೇಕು. ಧ್ವನಿ ಸಂಶೋಧಕ ಫ್ಲಾಯ್ಡ್ ಟೂಲ್ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಮುಂದೆ ಶಾನ್ ಓಲಿವ್ ಅವರೊಂದಿಗೆ ಸ್ಪೀಕರ್ ತಯಾರಿಸುವ ಹರ್ಮನ್ ಸಂಸ್ಥೆಯಲ್ಲಿ ಮಾಡಿದ್ದು ಇದನ್ನೇ. ಸ್ಪೀಕರಿನ ಮುಂದೆ ಪರದೆ ಕಟ್ಟಿ, ಜೋರನ್ನು ಸಮ ಮಾಡಿ ಕೇಳಿಸಿದರು. ಪರದೆ ಇದ್ದಾಗ ಬಹುತೇಕ ಜನರ ಆಯ್ಕೆ ಒಂದೇ ಕಡೆ ವಾಲಿತು, ಎದುರಿಗೂ ಪಕ್ಕಕ್ಕೂ ಗೆರೆ ನಯವಾಗಿದ್ದ ಸ್ಪೀಕರುಗಳ ಕಡೆ. ಪರದೆ ತೆಗೆದಾಗ ಗಾತ್ರ, ಹೆಸರು, ಬೆಲೆ ಅಂಕ ಕೊಡತೊಡಗಿದವು. ಗ್ರಾಫನ್ನು ನಾನು ಗೌರವಿಸುವುದು ಅದು ನೂರಾರು ಕಿವಿಗಳ ಸಾಕ್ಷಿಯಾಗಿರುವುದರಿಂದ. ಮನೆಯಲ್ಲಿ ಹೋಲಿಸುವಾಗ ಜೋರು ಸಮ ಇರಲಿ. ಒಂದು ಡೆಸಿಬೆಲ್ ಜೋರಾದದ್ದು ಜೋರಾಗಿ ಅಲ್ಲ, ಚೆನ್ನಾಗಿ ಕೇಳಿಸುತ್ತದೆ.

ಪ್ರಶ್ನೆ (ವಿಜಯಪುರ): ಕುರ್ಚಿ ಹಾಕಿ ಕೇಳಿದೆ. ನಾಲ್ಕು ಅಡಿಗೆ ಸರಿಯಾಗಿ ಗುಂಯ್ ಇಳಿದುಹೋಯಿತು. ತಲೆ ಹಿಂದಕ್ಕೆ ವಾಲಿಸುತ್ತಾ ಹೋದರೆ ಮತ್ತೆ ಏರುತ್ತದೆ. ಅಪ್ಪನನ್ನೂ ಕೂರಿಸಿ ತೋರಿಸಿದೆ. ಈಗ ಇನ್ನೊಂದು ಸಂಶಯ. ಕುಳಿತ ಜಾಗದಲ್ಲಿ ಮೊಬೈಲಿನಿಂದ ಅಳೆದೆ. ಗೆರೆ ಎಡದಿಂದ ಬಲಕ್ಕೆ ಇಳಿಜಾರಾಗಿದೆ. ಈಕ್ವಲೈಜರ್‌ನಲ್ಲಿ (ಸ್ವರಗಳ ಜೋರನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಮೇಲಿನ ಸ್ವರಗಳನ್ನು ಎತ್ತಿ ನೇರ ಮಾಡಲೇ?

ಉತ್ತರ: ದಯವಿಟ್ಟು ಬೇಡ. ಈ ತಪ್ಪನ್ನು ನಾನೂ ಹಿಂದೆ ಒಂದು ಸಭಾಂಗಣದಲ್ಲಿ ಮಾಡಿ, ಹಾಡುವವರ ದನಿಯನ್ನು ತಗಡಿನಂತೆ ಮಾಡಿಟ್ಟಿದ್ದೆ. ಕೋಣೆಯಲ್ಲಿ ಒಳ್ಳೆಯ ಸ್ಪೀಕರಿನ ಗೆರೆ ಇಳಿಜಾರಾಗಿಯೇ ಬರಬೇಕು, ಏಕೆಂದರೆ ತಗ್ಗಿನ ಸ್ವರ ಸುತ್ತಲೂ ಹರಡಿ ಕೋಣೆ ತುಂಬುತ್ತದೆ, ಮೇಲಿನದು ಮುಂದಕ್ಕಷ್ಟೇ ಹೋಗುತ್ತದೆ. ಈಕ್ವಲೈಜರನ್ನು ಆ 70 ಹರ್ಟ್ಜ್ ಉಬ್ಬನ್ನು ತಗ್ಗಿಸಲು ಬಳಸಿ. ತಗ್ಗನ್ನು ಎತ್ತಲು ಹೋಗಬೇಡಿ. ಮೊಬೈಲಿನ ಮೈಕ್ ನಿಖರವಲ್ಲ, ಆದರೆ ಸರಿಸುವ ಮುಂಚಿನ, ನಂತರದ ಅಳತೆಗಳನ್ನು ಹೋಲಿಸಲು ಸಾಕು.

ಚುಚ್ಚುವುದಕ್ಕೆ ಈಕ್ವಲೈಜರ್ ಅರ್ಧ ಮದ್ದು ಮಾತ್ರ. 3 ಕಿಲೋಹರ್ಟ್ಜ್ ತಗ್ಗಿಸಿದರೆ ಸರಿಯಾಗಿದ್ದ ಎದುರಿನ ಗೆರೆಯೂ ಕೆಡುತ್ತದೆ. ಗೋಡೆಗೆ ಚಿಕಿತ್ಸೆ ಮಾಡಿ. ನೀವು ಕುಳಿತಿರಿ, ಮನೆಯವರೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಲಿ. ಎಲ್ಲಿ ಕನ್ನಡಿಯಲ್ಲಿ ಟ್ವೀಟರ್ ಕಾಣುತ್ತದೆಯೋ ಅಲ್ಲಿಂದಲೇ ಶಬ್ದ ಪುಟಿಯುತ್ತಿದೆ. ಮನೆಯಲ್ಲಿ ಕೌದಿ ಇದೆಯೇ?

ಪ್ರಶ್ನೆ (ವಿಜಯಪುರ): ಅಜ್ಜಿ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದದ್ದು ಮೂರು ಇವೆ. ದಪ್ಪವಾದವು.

ಉತ್ತರ: ಎರಡನ್ನು ಅಲ್ಲಿ ತೂಗಿ, ಒಂದನ್ನು ನಿಮಗೂ ಸ್ಪೀಕರಿಗೂ ನಡುವೆ ನೆಲಕ್ಕೆ ಹಾಸಿ. ಗೋಡೆಗೆ ಅಂಟಿಸಬೇಡಿ. ಮೂರು ನಾಲ್ಕು ಇಂಚು ಜಾಗ ಬಿಟ್ಟರೆ ಅದೇ ಬಟ್ಟೆ ಇನ್ನೂ ಕೆಳಗಿನ ಸ್ವರದವರೆಗೆ ಹೀರುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಎರಡು ಅಡಿ ಈಚೆಗೆ ತನ್ನಿ, ಆಮೇಲೆ ಅದೇ ಗಾಯಕಿಯ ಅದೇ ತಾರ ಷಡ್ಜ ಹಾಕಿ ಕೇಳಿ ಇಲ್ಲಿಯೇ ಬರೆಯಿರಿ. ನಾನು ಕಾಯುತ್ತಿರುತ್ತೇನೆ.