ಬೀಡರ್‌ಮಾಯರ್ ಪೀಠೋಪಕರಣಗಳ ಸರಳತೆಗೆ ಬಡತನವೇ ಕಾರಣವೇ?

ಕುಂಬಳೆಯ ಓದುಗ:
ನಮ್ಮೂರಿನ ವಾಚನಾಲಯದಲ್ಲಿ ಯುರೋಪಿನ ಗೃಹಜೀವನದ ಕುರಿತು ಮಾತನಾಡಲು ಒಪ್ಪಿಕೊಂಡಿದ್ದೇನೆ. 1815ರಿಂದ 1848ರವರೆಗೆ ಆಸ್ಟ್ರಿಯಾ ಮತ್ತು ಜರ್ಮನ್ ರಾಜ್ಯಗಳಲ್ಲಿ ರೂಢಿಯಲ್ಲಿದ್ದ ಬೀಡರ್‌ಮಾಯರ್ ಶೈಲಿಯ ಮೇಜು, ಕುರ್ಚಿ, ಕಪಾಟುಗಳಲ್ಲಿ ಕೆತ್ತನೆಯೂ ಚಿನ್ನದ ಲೇಪವೂ ಬಹಳ ಕಡಿಮೆ. ನೆಪೋಲಿಯನ್ ಯುದ್ಧಗಳಿಂದ ಸೊರಗಿದ ಮಧ್ಯಮವರ್ಗಕ್ಕೆ ಅಷ್ಟೇ ಕೈಗೆಟುಕುತ್ತಿತ್ತು ಎಂಬ ವಿವರಣೆ ಸಾಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬದಿಯಡ್ಕದ ಮರಗೆಲಸಗಾರ:
ಸಾಲದು. ಅಗ್ಗದ ಮೆದುಮರದ ಚೌಕಟ್ಟಿನ ಮೇಲೆ ಚೆರ್ರಿ, ಅಕ್ರೋಟ, ಬರ್ಚ್ ಮರಗಳ ತೆಳುಹಾಳೆಯನ್ನು ಅಂಟಿಸುತ್ತಿದ್ದರು ಎಂಬುದು ನಿಜ. ಹಲಸು, ತೇಗಗಳನ್ನು ಇಡಿಯಾಗಿ ಬಳಸಿ ಅಭ್ಯಾಸವಾದ ನಮ್ಮ ಕಡೆಯವರಿಗೆ ಇದು ಕಳಪೆ ಕೆಲಸವೆನಿಸೀತು. ಆದರೆ ಒಂದೇ ದಿಮ್ಮಿಯಿಂದ ಒಂದರ ಹಿಂದೊಂದಾಗಿ ಸೀಳಿದ ಹಾಳೆಗಳನ್ನು, ತೆರೆದಿಟ್ಟ ಪುಸ್ತಕದ ಎರಡು ಪುಟಗಳಂತೆ ಎದುರುಬದುರಾಗಿ ಕೂರಿಸಿ, ಕಪಾಟಿನ ಇಡೀ ಮುಖದಲ್ಲಿ ಮರದ ಎಳೆಗಳೇ ಚಿತ್ರವಾಗುವಂತೆ ಮಾಡುವುದಕ್ಕೆ ಪಳಗಿದ ಕೈಯೇ ಬೇಕು. ಕೆತ್ತನೆಯಿದ್ದರೆ ಸಂದಿನ ತಪ್ಪು ಮರೆಯಾಗುತ್ತದೆ. ನುಣುಪಾದ ಹಲಗೆಯಲ್ಲಿ ಕೂದಲೆಳೆಯ ಬಿರುಕೂ ಎದ್ದು ಕಾಣುತ್ತದೆ. ಮೇಲಿನ ಹೊಳಪು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನದು, ಆ ಅರಗು ಮುಖ್ಯವಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದ. ಇಷ್ಟೆಲ್ಲ ಶ್ರಮವನ್ನು ಬಡತನದ ಲೆಕ್ಕಕ್ಕೆ ಬರೆಯುವುದು ಆ ಕುಶಲಕರ್ಮಿಗಳಿಗೆ ಮಾಡುವ ಅನ್ಯಾಯ.

ಮಂಜೇಶ್ವರದ ನಿವೃತ್ತ ಅಧ್ಯಾಪಕಿ:
ಮೇಲಿನ ಮಾತಿಗೆ ಇತಿಹಾಸದ ಬೆಂಬಲವೂ ಇದೆ. ಆಸ್ಟ್ರಿಯಾದ ಚಕ್ರವರ್ತಿ ಒಂದನೆಯ ಫ್ರಾನ್ಸ್ ತನ್ನ ಖಾಸಗಿ ಕೋಣೆಗಳಲ್ಲಿ ಇಂಥದೇ ಸರಳ ಪೀಠೋಪಕರಣಗಳನ್ನು ಇರಿಸಿಕೊಂಡಿದ್ದ. ಅವನಿಗೆ ಹಣದ ಅಡಚಣೆಯೇನೂ ಇರಲಿಲ್ಲ. ಹಾಗಾಗಿ ಇದನ್ನು ಅಭಿರುಚಿಯ ಆಯ್ಕೆಯೆಂದೇ ನಾನು ತಿಳಿಯುತ್ತೇನೆ. ರಾಜಕೀಯದ ಒತ್ತಡವನ್ನೂ ಮರೆಯಬಾರದು. 1819ರ ಕಾರ್ಲ್ಸ್‌ಬಾಡ್ ಆಜ್ಞೆಗಳ ಬಳಿಕ ಪತ್ರಿಕೆಗಳ ಮೇಲೂ ವಿಶ್ವವಿದ್ಯಾಲಯಗಳ ಮೇಲೂ ಆಸ್ಟ್ರಿಯಾದ ಮಂತ್ರಿ ಮೆಟ್ಟರ್ನಿಕ್ಕನ ವ್ಯವಸ್ಥೆಯ ಕಣ್ಗಾವಲು ಬಿಗಿಯಾದಾಗ, ನಂಬುಗೆಯ ಗೆಳೆಯರೊಡನೆ ಮನೆಯೊಳಗೆ ಕಳೆಯುವ ಸಂಜೆಗೆ ಬೆಲೆ ಹೆಚ್ಚಿತು. ಸೋಫಾದ ಮುಂದೆ ದುಂಡುಮೇಜು, ಕಿಟಕಿಯ ಬೆಳಕಿಗೆ ಹೊಲಿಗೆಯ ಪುಟ್ಟ ಮೇಜು, ಮೂಲೆಯಲ್ಲಿ ಪಿಯಾನೋ ಇದ್ದ ಕೋಣೆಗಳು ಬಂದದ್ದು ಹೀಗೆ. ವಿಯೆನ್ನಾದಲ್ಲಿ ಸಂಗೀತರಚನಕಾರ ಶೂಬರ್ಟನ ಹಾಡುಗಳನ್ನು ಗೆಳೆಯರು ಕೂಡಿ ಕೇಳುತ್ತಿದ್ದುದೂ ಬಹುಮಟ್ಟಿಗೆ ಇಂಥ ಮನೆಗಳಲ್ಲಿಯೇ.

ಕುಂಬಳೆಯ ಓದುಗ:
ಇಬ್ಬರಿಗೂ ಕೃತಜ್ಞತೆಗಳು. ಸಭಿಕರಿಗೆ ತೋರಿಸಲು ತಕ್ಕ ಚಿತ್ರಗಳಿವೆಯೇ, ಟೀಚರ್?

ಮಂಜೇಶ್ವರದ ನಿವೃತ್ತ ಅಧ್ಯಾಪಕಿ:
ವಿಯೆನ್ನಾದ ಡಾನ್‌ಹೌಸರ್ ಪೀಠೋಪಕರಣ ಕಾರ್ಖಾನೆಯ ನಕ್ಷೆಗಳು ಅಲ್ಲಿನ ಅನ್ವಯಿಕ ಕಲೆಗಳ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. ಕುರ್ಚಿಯ ಬೆನ್ನಿನ ಭಾಗವೊಂದನ್ನೇ ಅವರು ಎಷ್ಟು ಬಗೆಯಾಗಿ ಚಿತ್ರಿಸಿದ್ದಾರೆ ಎಂಬುದನ್ನು ತೋರಿಸಿ. ಸರಳವೆಂದರೆ ಕಲ್ಪನೆಯ ಕೊರತೆಯಲ್ಲವೆಂದು ಸಭಿಕರಿಗೆ ಬೇರೆ ಹೇಳಬೇಕಾಗುವುದಿಲ್ಲ.