'ಮರುಬಳಕೆ': ಪ್ಲಾಸ್ಟಿಕ್ ಬಾಟಲಿಗೂ ರಾಕೆಟ್ಟಿಗೂ ಒಂದೇ ಪದ ಸಾಕೇ?

ಗೆಳೆಯರೆ,

ನಮ್ಮ ಶಾಲೆಯ ಗೋಡೆಪತ್ರಿಕೆಗೆ ಭಾರಿ ರಾಕೆಟ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಕಡೆ ಚಂದ್ರನ ಯಾನಿಗಳನ್ನು ಹೊತ್ತೊಯ್ದ ಸ್ಯಾಟರ್ನ್ 5, ಇನ್ನೊಂದು ಕಡೆ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ ಹೆವಿ. ಎರಡನೆಯದಕ್ಕೆ 'ಮರುಬಳಕೆಯ ರಾಕೆಟ್' ಎಂದು ಬರೆದೆ. ಏಳನೇ ಕ್ಲಾಸಿನ ಹುಡುಗಿ ಓದಿ ಕೇಳಿದಳು: "ಕೆಳಗೆ ಬಿದ್ದಿದ್ದನ್ನ ಕರಗಿಸಿ ಹೊಸದು ಮಾಡ್ತಾರಾ ಸಾರ್?" ಅವಳು ಹಾಗೆ ಕೇಳಿದ್ದು ಸರಿಯೇ. ಅದೇ ಗೋಡೆಯಲ್ಲಿ ಕಸ ಬೇರ್ಪಡಿಸುವ ಚಾರ್ಟ್ ಇದೆ. ಬಾಟಲಿ ಕರಗಿಸಿ ಬಕೆಟ್ ಮಾಡುವುದಕ್ಕೂ ಅಲ್ಲಿ 'ಮರುಬಳಕೆ' ಅಂತಲೇ ಇದೆ.

ಫಾಲ್ಕನ್ ಬೂಸ್ಟರ್, ಅಂದರೆ ರಾಕೆಟ್ಟನ್ನು ನೆಲದಿಂದ ಎತ್ತುವ ಕೆಳಗಿನ ಭಾಗ, ಹಾಗಲ್ಲ. ಎಂಜಿನ್ ಮತ್ತೆ ಹೊತ್ತಿಸಿಕೊಂಡು, ಕೊನೆಗೆ ಕಾಲು ಬಿಚ್ಚಿ, ನೆಟ್ಟಗೆ ನಿಲ್ಲುತ್ತದೆ. ಒಂದೇ ಬೂಸ್ಟರ್ ಇರುವ ಫಾಲ್ಕನ್ 9ರಲ್ಲಿ ಮೊದಲು ಹಾಗೆ ಇಳಿದದ್ದು 2015ರ ಡಿಸೆಂಬರ್‌ನಲ್ಲಿ. ಒಮ್ಮೆ ಹಾರಿದ್ದ ಬೂಸ್ಟರ್ ಇನ್ನೊಮ್ಮೆ ಹಾರಿದ್ದು 2017ರ ಮಾರ್ಚ್‌ನಲ್ಲಿ. ಸ್ಪೇಸ್ ಷಟಲ್‌ನ ಬೂಸ್ಟರ್‌ಗಳ ಕತೆ ಬೇರೆ. ಅವು ಪ್ಯಾರಾಚೂಟ್‌ನಲ್ಲಿ ಸಮುದ್ರಕ್ಕೆ ಬೀಳುತ್ತಿದ್ದವು. ಹಡಗಿನಿಂದ ಎಳೆದು ತಂದು, ಬಿಚ್ಚಿ, ತೊಳೆದು, ಇಂಧನ ತುಂಬಿಸಬೇಕಿತ್ತು. ಅವಕ್ಕೆ 'ಮರುಬಳಕೆ' ಒಪ್ಪುತ್ತದೆ.

ಫಾಲ್ಕನ್ ಬೂಸ್ಟರ್‌ಗೆ 'ಮರಳಿ ಹಾರುವ' ಅನ್ನಬಹುದೇ? 'ಮನೆಗೆ ಮರಳಿದ' ಅಂದಾಗ ವಾಪಸ್ ಬರುವುದು, 'ಮರಳಿ ಕೇಳಿದ' ಅಂದಾಗ ಇನ್ನೊಮ್ಮೆ. ಇಲ್ಲಿ ಎರಡೂ ಅರ್ಥ ಬೇಕು, ಎರಡೂ ಒಂದೇ ಪದದಲ್ಲಿವೆ. ಆದರೆ ಇಡೀ ರಾಕೆಟ್‌ಗೆ ಹೇಳುವಂತಿಲ್ಲ, ಮೇಲಿನ ಹಂತ ಮರಳುವುದಿಲ್ಲ.

ನನಗೆ ಜಾಸ್ತಿ ತೊಡಕಾಗಿರುವುದು ಹಳೆಯದರ ಹೆಸರು. ಸ್ಯಾಟರ್ನ್ 5ರ ಎತ್ತರ ಸುಮಾರು 110 ಮೀಟರ್. 1967ರಿಂದ 1973ರವರೆಗೆ 13 ಸಲ ಹಾರಿತು, ಪ್ರತಿ ಸಲವೂ ಹೊಸದು. ಇದನ್ನು 'ಬಳಸಿ ಬಿಸಾಡುವ ರಾಕೆಟ್' ಎಂದು ಬರೆಯಲು ಕೈ ಬರುತ್ತಿಲ್ಲ. ಅದು ಟೀ ಅಂಗಡಿಯ ಪೇಪರ್ ಲೋಟಕ್ಕೆ ಹೇಳುವ ಮಾತು. ಬಾಳೆಲೆಯೂ ಒಂದೇ ಊಟಕ್ಕೆ, ಆದರೆ ಅದನ್ನು ಯಾರೂ ಬಳಸಿ ಬಿಸಾಡುವ ತಟ್ಟೆ ಅನ್ನುವುದಿಲ್ಲ. ಸದ್ಯಕ್ಕೆ 'ಒಂದೇ ಹಾರಾಟದ ರಾಕೆಟ್' ಎಂದು ಬರೆದಿದ್ದೇನೆ.

ಇಷ್ಟಾದ ಮೇಲೆ ಇನ್ನೊಂದು ಗಂಟು. 2024ರ ಅಕ್ಟೋಬರ್ 14ರಂದು ಫಾಲ್ಕನ್ ಹೆವಿ ಯುರೋಪಾ ಕ್ಲಿಪ್ಪರ್ ನೌಕೆಯನ್ನು ಗುರು ಗ್ರಹದತ್ತ ಕಳಿಸಿತು. ಅಂದು ಮೂರು ಬೂಸ್ಟರ್‌ಗಳಲ್ಲಿ ಒಂದನ್ನೂ ವಾಪಸ್ ತರಲಿಲ್ಲ. ಪಕ್ಕದ ಎರಡು ಹಿಂದೆ ಹಲವು ಸಲ ಹಾರಿ ಬಂದಿದ್ದವು. ಇಳಿಯಬೇಕಾದರೆ ಇಂಧನ ಉಳಿಸಿಕೊಳ್ಳಬೇಕು, ಆಗ ಹೊರುವ ಭಾರ ಕಡಿಮೆಯಾಗುತ್ತದೆ. ಏನನ್ನೂ ವಾಪಸ್ ತರದಿದ್ದರೆ ಈ ರಾಕೆಟ್ ಭೂಮಿಯ ಸಮೀಪದ ಕಕ್ಷೆಗೆ ಸುಮಾರು 64 ಟನ್ ಒಯ್ಯಬಲ್ಲದು. ಹಾಗಾದರೆ 'ಮರಳಿ ಹಾರುವ' ಅನ್ನುವುದು ರಾಕೆಟ್‌ನ ಗುಣವೋ, ಆ ದಿನದ ಹಾರಾಟದ ಗುಣವೋ? 'ಮರಳಿ ಹಾರಬಲ್ಲ' ಎಂದು ತಿದ್ದಿದರೆ ಸರಿಹೋದೀತೆ?

ಚಳ್ಳಕೆರೆ ಹತ್ತಿರ ಇಸ್ರೋ 2023 ಮತ್ತು 2024ರಲ್ಲಿ ರೆಕ್ಕೆಯ ಮಾದರಿ ನೌಕೆಯನ್ನು ಮೂರು ಸಲ ರನ್‌ವೇಗೆ ಇಳಿಸಿತು. ಹೆಲಿಕಾಪ್ಟರ್ ಅದನ್ನು ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಅದಕ್ಕೆ 'ಮರುಬಳಕೆ ಮಾಡಬಹುದಾದ ಉಡಾವಣಾ ವಾಹನ' ಅನ್ನುವುದು ಬಾಯಿಗೆ ಉದ್ದ. ಚಿತ್ರದುರ್ಗದ ಕಡೆಯವರು ಇಲ್ಲಿದ್ದರೆ ಹೇಳಿ, ನಿಮ್ಮೂರಲ್ಲಿ ಜನ ಅದನ್ನು ಏನೆಂದು ಕರೆದರು?